ನನ್ನ ಪಾಲಿನ ಅರ್ಧ

ಮಹ್ದಿಯಾ
೩ ಮಾರ್ಚ್ ೧೯೯೬

ಅಪ್ಪಾ,

ಈ ಪತ್ರ ಬರೆಯುತ್ತಿರುವುದು ಅಮ್ಮನಿಗೆ ಗೊತ್ತಿಲ್ಲ. ಉತ್ತರವನ್ನು ಮನೆಗೆ ಕಳಿಸಬೇಡ, ನಾನು ಕೆಲಸ ಮಾಡುವ ಮೀನಿನ ಕಾರ್ಖಾನೆಯ ವಿಳಾಸಕ್ಕೆ ಕಳಿಸು. ಮನೆಗೆ ಬಂದರೆ ಅಮ್ಮ ಮಗ್ಗದಿಂದ ಎದ್ದು ಬಂದು ಎದುರು ಕೂತು, "ಮೊದ್ಲಿಂದ ಓದು, ಸಲಾಮಿನಿಂದ್ಲೇ ಓದು" ಎನ್ನುತ್ತಾಳೆ. ಒಂದು ಸಾಲು ಹಾರಿಸಿದರೂ ಅವಳಿಗೆ ಗೊತ್ತಾಗುತ್ತದೆ. ಅಕ್ಷರ ಓದಲು ಬಾರದ ಅವಳಿಗೆ ನನ್ನ ಉಸಿರು ಓದಲು ಬರುತ್ತದೆ.

ನಿನ್ನೆ ವಸೀಲಾಳನ್ನು ನಮ್ಮ ಹ್ಯಾಂಡ್‌ಬಾಲ್ ತಂಡದಿಂದ ಕೈಬಿಟ್ಟರು. ನಮ್ಮ ಓಣಿಯ ವಸೀಲಾ, ಹತ್ತು ವರ್ಷದಿಂದ ನನ್ನ ಗೋಲಿನ ಮುಂದೆ ನಿಂತು ಆಡಿದವಳು. ನೀನು ಇಟಲಿಯ ದೋಣಿಯ ಕೆಲಸಕ್ಕೆ ಹೊರಟ ದಿನ ಬಂದರಿನಲ್ಲಿ ನನಗಿಂತ ಜೋರಾಗಿ ಅತ್ತವಳು. ಅವಳನ್ನು ಕೈಬಿಡಲು ಕಾರಣ ನಾನು. ಇದನ್ನು ನಿನ್ನೊಬ್ಬನಿಗೇ ಹೇಳುತ್ತಿದ್ದೇನೆ.

ಡಿಸೆಂಬರಿನಲ್ಲಿ ಗಾಬೆಸ್‌ನ ಪಂದ್ಯದಲ್ಲಿ ನನ್ನ ಮುಖಕ್ಕೆ ಚೆಂಡು ಬಡಿದಿತ್ತಲ್ಲ. ಊತ ಇಳಿಯಿತು. ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದು ಕೇಳಿ, ಸರಿಯಾಗಿದೆ ಹೋಗು ಎಂದರು. ಆದರೆ ಅಂದಿನಿಂದ, ಎದುರಾಳಿಯ ಕೈ ಎಸೆಯಲು ಹಿಂದಕ್ಕೆ ಹೋದ ಕೂಡಲೇ ನನ್ನ ಕಣ್ಣು ಮುಚ್ಚಿಕೊಳ್ಳುತ್ತದೆ. ನಾನು ಮುಚ್ಚುವುದಿಲ್ಲ ಅಪ್ಪಾ, ಅದೇ ಮುಚ್ಚಿಕೊಳ್ಳುತ್ತದೆ. ತೆರೆಯುವಷ್ಟರಲ್ಲಿ ಚೆಂಡು ಹಿಂದೆ ಬಲೆಯಲ್ಲಿರುತ್ತದೆ. ಕೆಲವು ಸಲ ಸುಮ್ಮನೆ ಕೈಕಾಲು ಚಾಚಿದ್ದಕ್ಕೇ ತಾಗಿ ಹೊರಗೆ ಹೋಗುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಕೇಳಿದಾಗ ಭಯ ಇನ್ನೂ ಹೆಚ್ಚಾಗುತ್ತದೆ.

ಹ್ಯಾಂಡ್‌ಬಾಲಿನಲ್ಲಿ ಡಿಫೆಂಡರಿಗೂ ಗೋಲ್‌ಕೀಪರಿಗೂ ಒಂದು ಒಪ್ಪಂದವಿರುತ್ತದೆ. ಎದುರಾಳಿ ದೂರದಿಂದ ಎಸೆಯಲು ನೆಗೆದಾಗ ಡಿಫೆಂಡರ್ ಕೈ ಎತ್ತಿ ಗೋಲಿನ ಒಂದು ಅರ್ಧವನ್ನು ಮುಚ್ಚುತ್ತಾಳೆ. ಇನ್ನೊಂದು ಅರ್ಧ ಕೀಪರಿನದು. ಅವಳ ಅರ್ಧದ ಚಿಂತೆಯನ್ನು ನಾನು ಮಾಡಬಾರದು. ನನ್ನ ಅರ್ಧ ಏನಾಯಿತೆಂದು ಅವಳು ತಿರುಗಿ ನೋಡಬಾರದು. ವಸೀಲಾ ಹತ್ತು ವರ್ಷದಲ್ಲಿ ಒಮ್ಮೆಯೂ ತಿರುಗಿ ನೋಡಿದವಳಲ್ಲ. ಈಗ ಎರಡು ತಿಂಗಳಿಂದ ಬೀಳುತ್ತಿರುವ ಗೋಲುಗಳೆಲ್ಲ ನನ್ನ ಅರ್ಧದವು.

ನಮ್ಮ ಕೋಚ್ ನಜೀಹಾ ಮೇಡಂ ಒಂದು ಪದ್ಧತಿ ಇಟ್ಟಿದ್ದಾರೆ. ಆಟ ಮುಗಿದ ಮೇಲೆ ನಾವು ನೆಲದ ಮೇಲೆ ವೃತ್ತವಾಗಿ ಕೂರುತ್ತೇವೆ. ಒಬ್ಬೊಬ್ಬಳೂ 'ನನ್ನ ಪಾಲು' ಎಂದು ಶುರುಮಾಡಿ ತನ್ನ ತಪ್ಪನ್ನು ತಾನೇ ಹೇಳಬೇಕು. ಇನ್ನೊಬ್ಬಳ ತಪ್ಪನ್ನು ಎತ್ತುವಂತಿಲ್ಲ. ಹೇಳಿದ್ದನ್ನು ಯಾರೂ ಪ್ರಶ್ನಿಸುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ. ಮೂರು ವರ್ಷದ ಹಿಂದೆ ಎಲ್ಲರ ಕೈಲೂ ಸೋಲುತ್ತಿದ್ದ ನಾವು ಈ ಸಲ ಕಪ್ ಪಂದ್ಯಾವಳಿಯ ಸೆಮಿಫೈನಲ್ ತನಕ ಬಂದದ್ದು ಈ ವೃತ್ತದಿಂದಲೇ ಎಂದು ಎಲ್ಲರೂ ನಂಬಿದ್ದೇವೆ. ನಾನೂ ನಂಬಿದ್ದೇನೆ. ಅದೇ ವೃತ್ತದಲ್ಲಿ ಕೂತು ನಾನು ಹೇಳಿದೆ:

"ನನ್ನ ಪಾಲು: ವಸೀಲಾ ಕೈ ತಡವಾಗಿ ಎತ್ತಿದಾಗ ಅದರ ಮರೆಯಿಂದ ಬರೋ ಚೆಂಡನ್ನ ಬೇಗ ಗುರ್ತಿಸೋಕೆ ನಂಗೆ ಆಗ್ತಿಲ್ಲ."

ನನ್ನದೇ ತಪ್ಪಿನ ಉಡುಪು ತೊಡಿಸಿ ಅವಳ ತಪ್ಪನ್ನು ನಡುವೆ ಕೂರಿಸಿಬಿಟ್ಟೆ. ಎಲ್ಲರೂ ಅವಳ ಕೈಯನ್ನು ನೋಡಿದರು. ಅವಳೂ ನೋಡಿಕೊಂಡಳು. ಮೇಡಂ ಆಮೇಲೆ, "ಗೋಲಲ್ಲಿ ನಿಂತೋಳಿಗೆ ಕಾಣೋದು ನಮಗ್ಯಾರಿಗೂ ಕಾಣಲ್ಲ. ರೌದಾ ಹೇಳಿದ್ಮೇಲೆ ಮುಗೀತು" ಎಂದರು. ನಾಲ್ಕು ವಾರ ಹೀಗೆ ನಡೆಯಿತು. ನಿನ್ನೆ ಅವಳ ಜಾಗಕ್ಕೆ ಬಸ್ಮಾಳನ್ನು ತೆಗೆದುಕೊಂಡರು. ವಸೀಲಾ ಚೀಲ ಹೆಗಲಿಗೇರಿಸಿ ನನ್ನ ಹತ್ತಿರ ಬಂದು, "ಇಷ್ಟು ದಿನ ನಿಂಗೆ ಅಡ್ಡ ನಿಂತಿದ್ದೆ ಕಣೇ. ಮನಸ್ಸಲ್ಲಿ ಇಟ್ಕೋಬೇಡ" ಎಂದಳು.

ಕ್ಲಬ್ಬಿನ ಅಧ್ಯಕ್ಷರೇ ನಮ್ಮ ಕಾರ್ಖಾನೆಯ ಯಜಮಾನರು ಎಂಬುದು ನಿನಗೆ ಗೊತ್ತು. ಗೋಲ್‌ಕೀಪರ್ ಎಂದೇ ನನಗೆ ಮೀನು ಸೀಳುವ ಸಾಲು ತಪ್ಪಿಸಿ ಮೇಜು ಕುರ್ಚಿ ಕೊಟ್ಟಿದ್ದಾರೆ. ಗೋಲಿನಿಂದ ಇಳಿದರೆ ಅಲ್ಲಿಂದಲೂ ಇಳಿಯಬೇಕಾದೀತು.

ಹೇಳಿಬಿಡಲೇ ಅಪ್ಪಾ?

ನಿನ್ನ
ರೌದಾ


ಮಝಾರಾ
೨೦ ಮಾರ್ಚ್ ೧೯೯೬

ಮಗಳೇ,

ನಿನ್ನ ಕಾಗದವನ್ನು ಬಂದರಿನ ಧಕ್ಕೆಯ ಕಾಫಿ ಅಂಗಡಿಯಲ್ಲಿ ಕೂತು ಓದಿದೆ. ನಾಳೆ ಮುಂಜಾನೆ ಹೊರಡುತ್ತೇವೆ, ನಲವತ್ತು ದಿನ. ಆದ್ದರಿಂದ ಉತ್ತರವನ್ನು ಈಗಲೇ ಬರೆಯುತ್ತಿದ್ದೇನೆ.

ಹೇಳಬೇಡ.

ಅಪ್ಪನಾಗಿ ಇಂಥ ಮಾತು ಬರೆಯಬಾರದು, ಗೊತ್ತು. ಆದರೆ ಕಂಡದ್ದನ್ನು ಹೇಳುತ್ತೇನೆ ಕೇಳು. ಹೋದ ವರ್ಷ ನಮ್ಮ ದೋಣಿಯಲ್ಲಿ ಸ್ಫಾಕ್ಸಿನ ಹಮ್ಮಾದಿ ಎಂಬವನಿದ್ದ. ಬಲೆ ಎಳೆಯುವ ಯಂತ್ರ ಅವನ ಕೈಲಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಾನಾಗಿಯೇ ಬಾಯಿಬಿಟ್ಟ. "ಅಣ್ಣಂದಿರಾ, ಒಂದ್ ತಿಂಗಳಿಂದ ತಲೆ ಸುತ್ತು ಬರ್ತಿದೆ. ಹಗ್ಗ ಬಿಗಿಯಾದಾಗ ಕಣ್ಣೆಲ್ಲಾ ಕಪ್ಪಾಗತ್ತೆ. ನಿಮ್ಗೆ ಗೊತ್ತಿರ್ಲಿ ಅಂತ ಹೇಳ್ದೆ." ನಾವೆಲ್ಲ ಬೆನ್ನು ತಟ್ಟಿದೆವು. "ಗಂಡಸು ಅಂದ್ರೆ ನೀನಪ್ಪ" ಎಂದೆವು. ಅಡುಗೆಯವನು ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದ. ಎರಡು ಗಂಟೆ ಕಳೆದು ಬಲೆ ಎಳೆಯುವ ಹೊತ್ತು ಬಂದಾಗ ಅವನ ಪಕ್ಕದಲ್ಲಿ ಒಬ್ಬನೂ ಇರಲಿಲ್ಲ. ಯಾರೂ ಮಾತಾಡಿಕೊಂಡಿರಲಿಲ್ಲ, ಕಾಲುಗಳು ತಾವೇ ಹಿಂದೆ ಸರಿದಿದ್ದವು. ನನ್ನವೂ ಸರಿದಿದ್ದವು. ಅವನು ತಿರುಗಿ ನಮ್ಮನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಮುಂದಿನ ಬಂದರಿನಲ್ಲಿ ಅವನನ್ನು ಇಳಿಸಿದರು.

ನಿಜ ಹೇಳಿದವನನ್ನು ಮೆಚ್ಚುತ್ತಾರೆ ರೌದಾ, ಪಕ್ಕದಲ್ಲಿ ನಿಲ್ಲುವುದಿಲ್ಲ. ನಿನ್ನನ್ನು ಹಾಗೆ ಒಬ್ಬಳೇ ನಿಂತವಳಾಗಿ ನಾನು ನೋಡಲಾರೆ.

ಕಣ್ಣು ತಾನೇ ಸರಿಹೋಗುತ್ತದೆ. ವಸೀಲಾ ಗಟ್ಟಿ ಹುಡುಗಿ, ಮುಂದಿನ ವರ್ಷ ಮತ್ತೆ ತಂಡಕ್ಕೆ ಬರುತ್ತಾಳೆ. ನಿನಗೆ ಆ ಮೇಜು ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ.

ಇದನ್ನು ಓದಿ ಹರಿದುಬಿಡು.

ನಿನ್ನಪ್ಪ
ತಿಜಾನಿ


ಮಹ್ದಿಯಾ
೬ ಏಪ್ರಿಲ್ ೧೯೯೬

ಅಪ್ಪಾ,

ನೀನು ದಡಕ್ಕೆ ಬರುವವರೆಗೆ ಇದು ಮಝಾರಾದ ಅಂಚೆ ಪೆಟ್ಟಿಗೆಯಲ್ಲಿ ಕಾಯುತ್ತದೆ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಯಾರಿಗಾದರೂ ಹೇಳಿಬಿಡುತ್ತೇನೆ ಎನ್ನಿಸುತ್ತದೆ.

ಸೆಮಿಫೈನಲ್ ಗೆದ್ದೆವು, ಒಂದು ಗೋಲಿನಿಂದ. ಊರಿನಲ್ಲಿ ಕಾರುಗಳು ಹಾರ್ನ್ ಹೊಡೆಯುತ್ತ ಬಂದರಿನ ತನಕ ಹೋದವು. ಕಾರ್ಖಾನೆಯ ಯಜಮಾನರು ನನ್ನ ಮೇಜಿನ ಹತ್ತಿರ ಬಂದು, "ನಮ್ಮ ಗೋಡೆ ಇದು" ಎಂದು ಎಲ್ಲರಿಗೂ ತೋರಿಸಿದರು. ನಾನು ತಡೆದ ಕೊನೆಯ ಎರಡು ಚೆಂಡುಗಳಲ್ಲಿ ಒಂದು ಮೊಣಕೈಗೆ, ಇನ್ನೊಂದು ತೊಡೆಗೆ ತಾಗಿದ್ದು. ಎರಡನ್ನೂ ನಾನು ನೋಡಿಲ್ಲ.

ವೃತ್ತದಲ್ಲಿ ಈಗ ಪ್ರತಿ ಸಲ ಹೊಸದೊಂದು ತಪ್ಪು ಹುಡುಕಿಕೊಂಡು ಹೋಗುತ್ತೇನೆ. ಚೆಂಡನ್ನು ಬೇಗ ಮುಂದಕ್ಕೆ ಹಾಕಲಿಲ್ಲ ಎನ್ನುತ್ತೇನೆ, ಬಸ್ಮಾಳನ್ನು ಕೂಗಿ ಎಚ್ಚರಿಸಲಿಲ್ಲ ಎನ್ನುತ್ತೇನೆ. ಮುಂದಿನ ಸಾಲಿನಲ್ಲಿ ಆಡುವ ಲತೀಫಾಳಿಗೆ ಎಲ್ಲವೂ ತಮಾಷೆ. "ಮೇಡಂ, ಇವಳ ಪಾಲು ನೋಡಿ, ದಿನಾ ಒಂದೊಂದು ಡಿಸೈನು! ನಂದು ಮೂರು ವರ್ಷದಿಂದ ಒಂದೇ, ಓಡೋಕಾಗಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಮೇಡಂ ನನ್ನನ್ನೇ ನೋಡುತ್ತಿದ್ದರೋ ಅಥವಾ ನನಗೆ ಹಾಗೆ ಕಂಡಿತೋ.

ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕೋಟೆಯ ಕೆಳಗಿನ ದಾರಿಯಲ್ಲಿ ವಸೀಲಾ ಇರುತ್ತಾಳೆ. ಎರಡು ಎಣ್ಣೆ ಡಬ್ಬಿಗಳಿಗೆ ಮರಳು ತುಂಬಿ, ಸಮುದ್ರಕ್ಕೆ ಬೆನ್ನು ಮಾಡಿ ನಿಂತು, ತೊಡೆಯಿಂದ ತಲೆಯ ಮೇಲಕ್ಕೆ ಎತ್ತುತ್ತಾಳೆ, ಇಳಿಸುತ್ತಾಳೆ. ಅವಳ ಕೈ ತಡವಾಗಿ ಏಳುತ್ತದಲ್ಲ, ಅದಕ್ಕೆ. ಮೊನ್ನೆ ನಿಂತು ಮಾತಾಡಿಸಿದೆ.

"ಎಷ್ಟಾಯ್ತು?"

"ಇನ್ನೂರ ಅರವತ್ತು. ಮಾತಾಡ್ಸಿ ಲೆಕ್ಕ ತಪ್ಪಿಸ್ಬೇಡ್ವೇ." ಆಮೇಲೆ ಡಬ್ಬಿ ಕೆಳಗಿಟ್ಟು, ಬರಿಗೈಯನ್ನು ಫಟ್ಟನೆ ಎತ್ತಿ ತೋರಿಸಿದಳು. "ನೀನೇ ಹೇಳು ರೌದಾ. ಈಗ ಬೇಗ ಏಳ್ತಿದ್ಯಾ?"

ಎಡ ಭುಜ ಬಾತುಕೊಂಡಿತ್ತು. ಅವಳಮ್ಮ ಕಟ್ಟಿದ ಬಿಸಿ ಉಪ್ಪಿನ ಪಟ್ಟಿ ಅಂಗಿಯ ಹೊರಗೆ ಕಾಣುತ್ತಿತ್ತು.

"ಸ್ವಲ್ಪ ಬೇಗ ಆಗಿದೆ" ಎಂದೆ.

ಅವಳಿಗೆ ಎಷ್ಟು ಖುಷಿಯಾಯಿತು ಗೊತ್ತೇ ಅಪ್ಪಾ.

ಇನ್ನೊಂದು ಸಂಗತಿ ಬರೆದು ನಿಲ್ಲಿಸುತ್ತೇನೆ. ನಿನ್ನೆ ಅಭ್ಯಾಸ ಮುಗಿದ ಮೇಲೆ ಬಸ್ಮಾ ಬಂದು ಕಿವಿಯಲ್ಲಿ, "ಅಕ್ಕಾ, ನನ್ನ ಕೈನೂ ನಿಂಗೆ ಮರೆ ಆಗ್ತಿದ್ಯಾ? ಇದ್ರೆ ವೃತ್ತದಲ್ಲಿ ಹೇಳ್ಬೇಡ, ನಂಗೇ ಹೇಳು" ಎಂದಳು. ಈಗ ಬಸ್ಮಾ ಎಸೆಯುವವಳನ್ನು ಬಿಟ್ಟು ತನ್ನ ಕೈಯನ್ನು ನೋಡುತ್ತಾಳೆ. ಅವಳ ಪಕ್ಕದವಳೂ ತಿರುಗಿ ತಿರುಗಿ ನನ್ನನ್ನು ನೋಡಲು ಶುರುಮಾಡಿದ್ದಾಳೆ. ನಾನು ಹೇಳಿದ ಒಂದು ಸುಳ್ಳು ಈಗ ಒಬ್ಬೊಬ್ಬರ ಭುಜದಲ್ಲೂ ಹೋಗಿ ಕೂತಿದೆ. ನಿನ್ನ ಮಾತಿನಂತೆ ಸುಮ್ಮನಿದ್ದೇನೆ. ಫೈನಲ್ ಜೂನ್ ಎಂಟಕ್ಕೆ.

ರೌದಾ


ಮಹ್ದಿಯಾ
೨೪ ಏಪ್ರಿಲ್ ೧೯೯೬

ಅಪ್ಪಾ,

ನೀನಿನ್ನೂ ಸಮುದ್ರದ ಮೇಲಿದ್ದೀ. ನಿನ್ನ ಮಾತು ಮೀರಿದ್ದೇನೆ.

ಸೋಮವಾರ ನಮ್ಮೊಳಗೇ ಎರಡು ತಂಡ ಮಾಡಿ ಆಡಿದೆವು. ಮೇಡಂ ವಸೀಲಾಳನ್ನೂ ಕರೆದಿದ್ದರು. ಆಟ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅವಳ ಕೈ ಸರಿಹೋಗಿದ್ಯಾ? ನೀನು ಹೂಂ ಅಂದ್ರೆ ಫೈನಲ್ಲಿಗೆ ತಗೋತೀನಿ" ಎಂದರು.

ಅಷ್ಟೇ ಸಾಕಿತ್ತು. ಒಂದು ಹೂಂ. ಅವಳಿಗೆ ಜಾಗ ಸಿಗುತ್ತಿತ್ತು, ನನ್ನದು ಹೋಗುತ್ತಿರಲಿಲ್ಲ, ಬಸ್ಮಾ ಬೆಂಚಿಗೆ ಹೋಗಿ ನೆಮ್ಮದಿಯಾಗಿರುತ್ತಿದ್ದಳು. ದೇವರೇ ಬಾಗಿಲು ತೆರೆದ ಹಾಗೆ ಅನ್ನಿಸಿತು. "ವೃತ್ತ ಮುಗೀಲಿ ಮೇಡಂ, ಹೇಳ್ತೀನಿ" ಎಂದೆ.

ವೃತ್ತದಲ್ಲಿ ವಸೀಲಾಳ ಸರದಿ ನನಗಿಂತ ಮೊದಲು ಬಂತು. ಅವಳು ಬೆನ್ನು ನೆಟ್ಟಗೆ ಮಾಡಿ, ಶಾಲೆಯ ಹುಡುಗಿಯ ಹಾಗೆ ಹೇಳಿದಳು: "ನನ್ನ ಪಾಲು: ನನ್ನ ಕೈಯಿಂದ ಎಲ್ರಿಗೂ ತೊಂದ್ರೆ ಆಯ್ತು. ರೌದಾ ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ದಕ್ಕೆ ನಾನು ಸರಿಹೋದೆ. ಬೇರೆ ಯಾರಾದ್ರೂ ಆಗಿದ್ರೆ ಸ್ನೇಹಿತೆ ಅಂತ ಬಾಯಿ ಮುಚ್ಕೊಂಡು ಇರೋರು."

ಅಪ್ಪಾ, ಇದರ ಮೇಲೆ ಹೂಂ ಅನ್ನುವುದು ಹೇಗೆ?

ನನ್ನ ಸರದಿ ಬಂತು. "ನನ್ನ ಪಾಲು: ಡಿಸೆಂಬರಿನಿಂದ ನಾನು ಚೆಂಡು ನೋಡ್ತಿಲ್ಲ. ಎಸೆಯೋವಾಗ ನನ್ನ ಕಣ್ಣು ಮುಚ್ಕೊಳ್ಳತ್ತೆ. ವಸೀಲಾಳ ಕೈ ಯಾವತ್ತೂ ತಡ ಆಗಿರ್ಲಿಲ್ಲ. ಗೊತ್ತಿದ್ದೇ ಹೇಳಿದೆ."

ಇನ್ನೊಬ್ಬಳ ತಪ್ಪನ್ನು ಎತ್ತಬಾರದು ಎಂಬ ನಿಯಮವಿದೆಯಲ್ಲ; ಬೈಯಲೂ ಆಗದೆ ಹದಿಮೂರು ಮಂದಿ ಬಾಯಿ ತುಂಬಿಕೊಂಡು ಕೂತರು. ಲತೀಫಾ ಟವಲನ್ನು ಮುಖದ ಮೇಲೆ ಎಳೆದುಕೊಂಡಳು. ಆಗ ವಸೀಲಾ ಕೈ ಎತ್ತಿದಳು, ಆ ಬಾತ ಭುಜದ ಕೈ.

"ಮೇಡಂ, ನನ್ನ ಪಾಲು ಬದಲಾಯಿಸ್ಬೋದಾ?"

"ಬದಲಾಯಿಸು."

"ನನ್ನ ಪಾಲು: ನನ್ನ ಕೈ ಸರಿಯಾಗೇ ಇತ್ತು. ನಾನು ಅದನ್ನ ನಂಬ್ಲಿಲ್ಲ. ಇವಳನ್ನ ನಂಬಿದೆ."

ಎದ್ದು ಹೋದಳು. ಚೀಲವನ್ನೂ ತೆಗೆದುಕೊಳ್ಳಲಿಲ್ಲ.

ಮೇಡಂ, "ನನ್ನ ಪಾಲು: ನನಗೂ ಕಣ್ಣಿತ್ತು. ಅವಳ ಕೈನ ನಾನೇ ನೋಡ್ಬೋದಿತ್ತು, ನೋಡ್ಲಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವಳನ್ನ ನಾನು ಕರೆಯಲ್ಲ. ಕರ್ಕೊಂಡು ಬರೋ ಕೆಲಸ ನಿಂದು. ಅವಳು ಬರ್ದಿದ್ರೆ ನೀನೂ ಬರ್ಬೇಡ" ಎಂದರು.

ವೃತ್ತದ ಮಾತು ಹೊರಗೆ ಹೋಗಬಾರದು. ಹೋದರೆ ಯಜಮಾನರಿಗೆ ಗೊತ್ತಾಗುತ್ತದೆ. ಹದಿಮೂರು ಹುಡುಗಿಯರು, ಅವರ ಅಕ್ಕತಂಗಿಯರು, ಬಾವಿಕಟ್ಟೆಯಂಥ ನಮ್ಮ ಓಣಿ. ಕಾರ್ಖಾನೆಯಲ್ಲಿ ಬಾಗಿಲು ತೆರೆದರೆ ಸಾಕು, ಯಜಮಾನರೇ ಬಂದರೆಂದು ತಿರುಗಿ ನೋಡುತ್ತೇನೆ. ನಾನು ಯಾರ ನಂಬಿಕೆಯನ್ನು ಕೆಡಿಸಿದೆನೋ ಅವರನ್ನೇ ನಂಬಿ ಈಗ ಒಂದೊಂದು ದಿನ ದೂಡಬೇಕು.

ರೌದಾ


ಮಝಾರಾ
೨ ಮೇ ೧೯೯೬

ಮಗಳೇ,

ನಿನ್ನೆ ಇಳಿದೆ. ನಿನ್ನ ಏಪ್ರಿಲ್ ಆರರ ಕಾಗದ ಸಿಕ್ಕಿತು. ಹಬ್ಬದ ರಜೆಯೆಂದು ನಿಮ್ಮ ಕಡೆಯ ಅಂಚೆ ನಿಂತಿದೆಯಂತೆ, ಆಮೇಲಿನದೇನೂ ಬಂದಿಲ್ಲ.

ಇನ್ನೂ ಹೇಳಿಲ್ಲ ತಾನೆ? ಇನ್ನು ಒಂದೇ ಒಂದು ತಿಂಗಳು ತಾಳಿಕೋ. ಫೈನಲ್ ಮುಗಿಯಲಿ. ಗೆದ್ದರೆ ಯಾರೂ ಏನೂ ಕೇಳುವುದಿಲ್ಲ. ಆಮೇಲೆ ಮಂಡಿ ನೋವೆಂದು ಹೇಳಿ ಮೆಲ್ಲಗೆ ಗೋಲಿನಿಂದ ಇಳಿದುಬಿಡು. ವಸೀಲಾಳ ಭುಜಕ್ಕೆ 'ನನ್ನಪ್ಪ ಕಳಿಸಿದ್ದು' ಎಂದು ಈ ಮುಲಾಮು ಕೊಡು, ಇಲ್ಲಿಯವರು ಬಳಸುವುದು. ಬೇರೇನೂ ಹೇಳಬೇಡ.

ಚಳಿಗಾಲದ ಹಾಗೆ ಗಾಳಿ ಬೀಸುತ್ತಿದೆ. ನಾಳಿದ್ದು ಹೊರಡುತ್ತೇವೆ, ಈ ಸಲ ಮೂರು ವಾರ.

ಅಪ್ಪ


ಮಹ್ದಿಯಾ
೧೨ ಮೇ ೧೯೯೬

ಅಪ್ಪಾ,

ಮುಲಾಮು ಬಂತು. ಕಾಗದವೂ ಬಂತು. ಕಾಗದವನ್ನು ಓದಿ, ಮಡಿಸಿ, ಮೇಜಿನ ಖಾನೆಯಲ್ಲಿಟ್ಟೆ. ಹರಿಯಲಿಲ್ಲ. ಇಷ್ಟು ಹೊತ್ತಿಗೆ ನನ್ನ ಹಿಂದಿನ ಕಾಗದ ಅಲ್ಲಿ ನಿನ್ನನ್ನು ಕಾಯುತ್ತಿರಬೇಕು.

ಹಬ್ಬದ ಹಿಂದಿನ ದಿನ ವಸೀಲಾಳ ಮನೆಗೆ ಹೋದೆ. ಅಂಗಳದಲ್ಲಿ ಕುರಿ ಕಟ್ಟಿತ್ತು. ಅವಳಮ್ಮ ಅದಕ್ಕೆ ನೀರು ತೋರಿಸುತ್ತ, "ಏನಮ್ಮಾ ಗೋಲ್‌ಕೀಪರು, ಒಂದ್ ವಾರ ಆಯ್ತು ಇವಳು ಮಾತೂ ಆಡ್ತಿಲ್ಲ, ಡಬ್ಬಿನೂ ಎತ್ತುತ್ತಿಲ್ಲ. ನಿಮ್ ಮೇಡಂ ಏನಂದ್ರು? ಹೇಳಮ್ಮ, ನಾನೇ ಬಂದು ಕೇಳ್ತೀನಿ" ಎಂದಳು. ವಸೀಲಾ ತಾಯಿಗೂ ಹೇಳಿರಲಿಲ್ಲ. ವೃತ್ತದಿಂದ ಎದ್ದು ಹೋದವಳು ವೃತ್ತದ ನಿಯಮವನ್ನು ಮಾತ್ರ ಬಿಟ್ಟಿರಲಿಲ್ಲ.

"ಮೇಡಂ ಏನೂ ಅನ್ಲಿಲ್ಲ ಖಾಲಾ. ತಪ್ಪು ನಂದು" ಎಂದೆ.

"ನೀವಿಬ್ರೂ ಯಾವತ್ತು ತಪ್ಪು ಮಾಡಿಲ್ಲ ಹೇಳು! ಹೋಗು ಒಳಗೆ."

ಒಳಗೆ ವಸೀಲಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಾಗಿಲಲ್ಲೇ ನಿಂತು ಅಷ್ಟನ್ನೂ ಮತ್ತೊಮ್ಮೆ ಹೇಳಿದೆ, ಕಾರ್ಖಾನೆಯ ಕೆಲಸದ ಭಯವನ್ನೂ ಹೇಳಿದೆ. ಅವಳು ತಿರುಗಲಿಲ್ಲ. "ಮುನ್ನೂರು ಸಲ ಕಣೇ" ಎಂದಳು. "ದಿನಾ ಮುನ್ನೂರು. ನೀನು ಪಕ್ಕದಲ್ಲಿ ನಿಂತು ಎಷ್ಟಾಯ್ತು ಅಂತ ಕೇಳ್ದೆ." ಹೊರಟು ಬಂದೆ. ಹಬ್ಬದ ದಿನ ಅಮ್ಮ ಕೊಟ್ಟ ಮಾಂಸದ ಪಾಲು ಹಿಡಿದು ಹೋದೆ, ತೆಗೆದುಕೊಂಡವಳು ಅವಳಮ್ಮ. ಮೂರನೆಯ ಸಲ ಹೋದಾಗ ಮನೆಯಲ್ಲಿರಲಿಲ್ಲ. ನಾನೂ ಅಭ್ಯಾಸಕ್ಕೆ ಹೋಗುವಂತಿರಲಿಲ್ಲ. ಅಮ್ಮ ಮಗ್ಗದ ಹಿಂದಿನಿಂದ, "ಚೆಂಡಿನೋರು ರಜಾ ಕೊಟ್ರಾ?" ಎಂದು ಮೂರು ಸಲ ಕೇಳಿದಳು.

ಮೇ ನಾಲ್ಕರಂದು ಕಾರ್ಖಾನೆಯ ಗೇಟಿನಲ್ಲಿ ವಸೀಲಾ ನಿಂತಿದ್ದಳು. ಯಜಮಾನರಿಗೆ ಹೇಳಲು ಬಂದಳೆಂದುಕೊಂಡೆ. ಅವಳು ನನ್ನ ಮುಖ ನೋಡದೆ, ಪಾಠ ಒಪ್ಪಿಸುವವಳಂತೆ ಹೇಳಿದಳು:

"ಬರ್ತೀನಿ. ನಿನ್ನ ಮುಂದೇನೇ ನಿಂತ್ಕೋತೀನಿ. ಆದ್ರೆ ಇನ್ಮೇಲೆ ಪ್ರತಿ ಎಸೆತಕ್ಕೂ ಚೆಂಡು ಎಲ್ಲಿಗ್ ಬರ್ತಿದೆ ಅಂತ ನೀನು ಜೋರಾಗಿ ಕೂಗ್ಬೇಕು. ಎಡ, ಬಲ, ಮೇಲೆ, ಕೆಳಗೆ. ಕಣ್ಣು ಮುಚ್ಚಿದೋಳಿಗೆ ಕೂಗೋಕಾಗಲ್ಲ. ನಾನು ತಿರುಗಿ ನೋಡಲ್ಲ. ಕೇಳಿಸ್ಕೋತೀನಿ."

ಮೊದಲ ದಿನ ನಲವತ್ತು ಎಸೆತ. ಎಸೆದವಳೂ ವಸೀಲಾಳೇ, ಮೆತ್ತನೆಯ ಚೆಂಡಿನಿಂದ, ಹತ್ತಿರದಿಂದ. ಮೂವತ್ತೊಂದು ಸಲ ನನ್ನಿಂದ ಸದ್ದೇ ಬರಲಿಲ್ಲ. ಹಾಲ್ ತುಂಬ ಆ ಮೌನ ಎಲ್ಲರಿಗೂ ಕೇಳಿಸಿತು. ಅಡಗಿಸಿಡಲು ಇನ್ನು ಜಾಗವೇ ಇಲ್ಲ ಅಪ್ಪಾ. ಇಂಥ ಭಯವನ್ನು ನಾನು ಡಿಸೆಂಬರಿನಲ್ಲೂ ಪಟ್ಟಿರಲಿಲ್ಲ. ಆಗ ಚೆಂಡಿಗೆ ಹೆದರುತ್ತಿದ್ದೆ, ಈಗ ನನ್ನ ಬಾಯಿಗೆ ಹೆದರುತ್ತೇನೆ. ಲತೀಫಾ, "ಪರವಾಗಿಲ್ಲ ಬಿಡೇ, ಒಂಬತ್ತು ಸಲ ಕೂಗಿದೆ. ನಮ್ಮಪ್ಪ ಬಸ್ಸಲ್ಲಿ ನಿಲ್ದಾಣ ಕೂಗೋದೂ ಅಷ್ಟೇ" ಎಂದಳು. ಅವಳಪ್ಪ ಸೂಸ್ಸಿನ ಬಸ್ಸಿನ ಕಂಡಕ್ಟರ್.

ನಿನ್ನೆ ಹನ್ನೆರಡು ಸಲ ಬಾಯಿ ಕಟ್ಟಿತು. ನಿಜವಾದ ಚೆಂಡಿನಿಂದ.

ಯಜಮಾನರಿಗೆ ಇನ್ನೂ ಗೊತ್ತಿಲ್ಲ. ವಸೀಲಾ ಅಭ್ಯಾಸದ ಹೊರಗೆ ನನ್ನ ಜೊತೆ ಮಾತಾಡುವುದಿಲ್ಲ. ಮುಲಾಮು ಕೊಟ್ಟೆ, ತೆಗೆದುಕೊಂಡು, "ನಿಮ್ಮಪ್ಪಂಗೆ ಹೇಳು" ಎಂದಳು. ಏನು ಹೇಳಬೇಕೆಂದು ಹೇಳಲಿಲ್ಲ.

ನಿನ್ನ ಮಗಳು
ರೌದಾ


ಮಝಾರಾ
೨೬ ಮೇ ೧೯೯೬

ರೌದಾ,

ಎರಡೂ ಕಾಗದಗಳು ಒಟ್ಟಿಗೇ ಸಿಕ್ಕವು. ಮೊದಲನೆಯದನ್ನು ಓದಿ ಎದ್ದು ಧಕ್ಕೆಯ ತುದಿಯ ತನಕ ನಡೆದುಹೋದೆ. ವಾಪಸು ಬಂದು ಎರಡನೆಯದನ್ನು ಓದಿದೆ.

ನನ್ನ ಮಾತು ಕೇಳಲಿಲ್ಲ ನೀನು. ನಿನಗೆ ಸಿಟ್ಟಿನಿಂದ ಬರೆಯಬೇಕೆಂದು ಕೂತೆ, ಆಗುತ್ತಿಲ್ಲ.

ಒಂದು ಕೇಳುತ್ತೇನೆ. ನೀನು ಹೇಳಿದ ಮೇಲೆ ಆ ಹುಡುಗಿಯರಲ್ಲಿ ಎಷ್ಟು ಜನ ಹಿಂದೆ ಸರಿದರು? ಸರಿಯಾಗಿ ಎಣಿಸಿ ಬರೆ. ನನಗೆ ಗೊತ್ತಾಗಬೇಕು. ಅವರು ಎಂಥವರ ಮಕ್ಕಳು? ವಸೀಲಾ ಚಿಕ್ಕವಳಿದ್ದಾಗ ನಮ್ಮ ಬಾಗಿಲಲ್ಲಿ ರೊಟ್ಟಿ ಕೇಳಿ ತಿನ್ನುತ್ತಿದ್ದಳು, ಅಷ್ಟೇ ನೆನಪು. ಕಣ್ಣು ಮುಚ್ಚುವ ಗೋಲ್‌ಕೀಪರಿಗೆ ಬೆನ್ನು ಕೊಟ್ಟು ನಿಲ್ಲಲು ಅವಳಿಗೆ ಭಯವಾಗಲಿಲ್ಲವೇ? ಹಗ್ಗ ಬಿಗಿಯಾದಾಗ ನನಗೆ ಆಗಿತ್ತು. ನಾವು ಹನ್ನೊಂದು ಜನ ಗಂಡಸರು. ಹಮ್ಮಾದಿಯ ಹೆಸರನ್ನು ಆಮೇಲೆ ನಮ್ಮ ದೋಣಿಯಲ್ಲಿ ಯಾರೂ ಎತ್ತಿಲ್ಲ.

ನಾಳೆ ಹೊರಡುತ್ತೇವೆ. ಜೂನ್ ಎಂಟಕ್ಕೆ ಲಂಪೆದೂಸಾ ದ್ವೀಪದ ದಕ್ಷಿಣಕ್ಕೆ ಎಲ್ಲೋ ಇರುತ್ತೇನೆ. ಅಲ್ಲಿ ಟ್ಯೂನಿಸಿನ ರೇಡಿಯೋ ಬರುವುದಿಲ್ಲ. ಆ ಹೊತ್ತಿನಲ್ಲಿ ಕೆಲಸದ ಮೇಲೆ ಗಮನವಿಡುವುದು ಹೇಗೆಂದು ಈಗಲೇ ಹೆದರಿಕೆಯಾಗುತ್ತಿದೆ.

ಇನ್ನು ಮೇಲೆ ಮನೆಗೇ ಬರೆಯುತ್ತೇನೆ. ನಿನ್ನಮ್ಮನಿಗೆ ಓದಿ ಹೇಳು. ಸಾಲು ಹಾರಿಸಬೇಡ.

ಅಪ್ಪ


ಮಹ್ದಿಯಾ
೧೦ ಜೂನ್ ೧೯೯೬

ಅಪ್ಪಾ,

ಸೋತೆವು. ಒಂದು ಗೋಲಿನಿಂದ. ಅದು ನನ್ನ ಅರ್ಧದ್ದಲ್ಲ. ಆ ಹೊತ್ತಿನಲ್ಲಿ ಅರ್ಧಗಳೇ ಇರಲಿಲ್ಲ.

ಕಡೆಯ ನಿಮಿಷದ ತನಕ ಹದಿನೆಂಟು ಹದಿನೆಂಟು. ಅಷ್ಟರವರೆಗೆ ನನ್ನ ಬಾಯಿ ಮೂರು ಸಲ ಕಟ್ಟಿತ್ತು, ಮೂರೂ ಗೋಲಾಗಿದ್ದವು. ಪ್ರತಿ ಸಲವೂ ವಸೀಲಾ ಮುಂದೆ ನೋಡುತ್ತಲೇ, "ಕೇಳಿಸ್ಲಿಲ್ಲ!" ಎಂದು ಕೂಗುತ್ತಿದ್ದಳು. ಬೈಗುಳವಿರಲಿಲ್ಲ ಅದರಲ್ಲಿ, ಓಣಿಯ ಆ ತುದಿಯಿಂದ ಕರೆಯುವ ಹಾಗಿತ್ತು. ಗಡಿಯಾರದಲ್ಲಿ ನಾಲ್ಕು ಸೆಕೆಂಡು ಉಳಿದಾಗ ಅವರ ಹುಡುಗಿ ಸಂದಿನಲ್ಲಿ ನುಗ್ಗಿದಳು. ವಸೀಲಾ ಹಿಂದಿನಿಂದ ಅವಳ ತೋಳು ಹಿಡಿದಳು. ಪೆನಾಲ್ಟಿ.

ಪೆನಾಲ್ಟಿಯಲ್ಲಿ ಎಲ್ಲರೂ ದೂರ ಹೋಗಿ ನಿಲ್ಲಬೇಕು. ಏಳು ಮೀಟರಿನಲ್ಲಿ ಅವಳು, ಗೋಲಿನಲ್ಲಿ ನಾನು. ಮರೆ ಮಾಡಲು ಯಾರ ಕೈಯೂ ಇಲ್ಲ. ಅವಳ ಕೈ ಹಿಂದಕ್ಕೆ ಹೋಯಿತು. ರೆಪ್ಪೆ ಅದುರಿತು. ಮುಚ್ಚಲಿಲ್ಲ. ಚೆಂಡು ಬೆರಳುಗಳಿಂದ ಕಳಚಿಕೊಂಡದ್ದನ್ನು ನೋಡಿದೆ ಅಪ್ಪಾ. ಹಿಡಿತಕ್ಕೆಂದು ಬೆರಳಿಗೆ ಹಚ್ಚಿಕೊಳ್ಳುವ ಅಂಟಿನ ಕಲೆ ಅದರ ಮೇಲೆ ಒಂದು ಸುತ್ತು ತಿರುಗಿದ್ದನ್ನೂ ನೋಡಿದೆ.

"ಎಡ! ಕೆಳಗೆ!" ಎಂದು ಕೂಗಿದೆ.

ಎಡಕ್ಕೆ, ಕೆಳಗೇ ಬಂತು. ನನ್ನ ಕಾಲು ಅಲ್ಲಿಗೆ ಹೋಗುವಷ್ಟರಲ್ಲಿ ಒಳಗಾಗಿತ್ತು.

ಅವರು ಕುಣಿಯುತ್ತಿದ್ದಾಗ ನಾವು ಬಟ್ಟೆ ಬದಲಿಸುವ ಕೋಣೆಯಲ್ಲಿ, ಒದ್ದೆ ನೆಲದ ಮೇಲೆ ವೃತ್ತವಾಗಿ ಕೂತೆವು. ವಸೀಲಾ ಮೊದಲು ಹೇಳಿದಳು. "ನನ್ನ ಪಾಲು: ತೋಳು ಹಿಡಿದೆ. ಪೆನಾಲ್ಟಿ ನಂದು." ಅವಳ ನಂತರ ನಾನು. "ನನ್ನ ಪಾಲು: ಚೆಂಡು ನೋಡಿದೆ. ಕಾಲು ತಡ ಆಯ್ತು." ಆರು ತಿಂಗಳಲ್ಲಿ ಹುಡುಕದೆಯೇ ಸಿಕ್ಕ ಮೊದಲ ತಪ್ಪು ಅದು. ಹೇಳಿದ ಮೇಲೆ ಹೆದರಿಕೆಯಾಯಿತು. ನೋಡಿದೆ ಎನ್ನುತ್ತಿರುವವಳು ನಾನು. ನಾನು ಹೇಳಿದ್ದನ್ನು ಇವರು ಮೊದಲೂ ನಂಬಿದ್ದರು.

ಬಸ್ಮಾಳ ಸರದಿ. ಬೆಂಚಿನಲ್ಲಿ ಕೂತಿದ್ದವಳು, ಅತ್ತು ಮೂಗು ಕೆಂಪಾಗಿತ್ತು. "ನನ್ನ ಪಾಲು" ಎಂದು ನಿಂತಳು, ಮತ್ತೆ ಮುಂದುವರಿಸಿದಳು: "ರೌದಾ ಅಕ್ಕ ಕೂಗಿದ್ದು ಕೇಳಿ, ಸಿಕ್ಕೇ ಸಿಗ್ತು ಅಂತ ಮೊದ್ಲೇ ಎದ್ದು ಕುಣಿದ್ಬಿಟ್ಟೆ. ನೀರಿನ ಬಾಟ್ಲಿ ಎಲ್ಲಾ ಮೇಡಂ ಮೇಲೆ ಹೋಯ್ತು."

ಲತೀಫಾ ಟವಲಿನೊಳಗಿನಿಂದ ನಕ್ಕಳು. ಮೇಡಂ ತಮ್ಮ ಒದ್ದೆ ತೋಳನ್ನು ಹಿಂಡಿಕೊಂಡು, "ಸೋಮವಾರ ನಾಲ್ಕಕ್ಕೆ. ರೌದಾಳ ಕಾಲಿನ ಕೆಲಸ ಶುರು" ಎಂದರು.

ನೀನು ಎಣಿಸಿ ಬರೆ ಎಂದಿದ್ದೆ. ಹದಿಮೂರು ಜನರಲ್ಲಿ ಒಬ್ಬಳು ಹಿಂದೆ ಸರಿದಳು. ಎರಡು ವಾರ ಸರಿದಿದ್ದು, ವಾಪಸು ಬಂದಳು. ಯಜಮಾನರು ಇವತ್ತು ನನ್ನ ಮೇಜಿನ ಹತ್ತಿರ ನಿಲ್ಲದೆ ಹೋದರು. ಸೋತಿದ್ದಕ್ಕಿರಬಹುದು, ಬೇರೆ ಏನೋ ಕಿವಿಗೆ ಬಿದ್ದಿರಲೂಬಹುದು. ನಾಳೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಭಯ ಹೋಗಿದೆ ಎಂದು ನಿನಗೆ ಸುಳ್ಳು ಬರೆಯಲಾರೆ.

ಟ್ಯೂನಿಸಿನಿಂದ ವಾಪಸು ಹೊರಟಾಗ ಬಸ್ಸಿಗೆ ಕೊನೆಯವಳಾಗಿ ಹತ್ತಿದೆ. ಎಲ್ಲ ಸೀಟೂ ತುಂಬಿತ್ತು. ಎಲ್ಲಿ ನಿಲ್ಲಲಿ ಎಂದು ನೋಡುತ್ತಿದ್ದಾಗ ವಸೀಲಾ ಕಿಟಕಿಯಿಂದ ತಲೆ ತಿರುಗಿಸದೆ, ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ಕಾಲ ಬಳಿ ಇಟ್ಟುಕೊಂಡಳು. ಕೂತೆ.

ಇದನ್ನು ಅಮ್ಮನ ಎದುರಿಗೆ ಕೂತು, ಒಂದೊಂದು ಸಾಲನ್ನೂ ಓದಿ ಹೇಳುತ್ತ ಬರೆದೆ.

ನಿನ್ನ
ರೌದಾ